ಬೆಂಗಳೂರಿನ ಗದ್ದುಗೆ ಮತ್ತು ಗಣಕ ಬಲ್ಲ ಹುಡುಗ

ಮಕ್ಕಳ ಕಥೆಯಲ್ಲಿ ನಾಯಕನು ಏನು ಮಾಡಿದನೆಂಬುದು ಬೇಗ ಮರೆತುಹೋಗುತ್ತದೆ. ಅವನನ್ನು ಯಾವ ಕಾರಣಕ್ಕಾಗಿ ದೊಡ್ಡವನೆಂದು ಎಣಿಸಲಾಯಿತು ಎಂಬುದು ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಅಜ್ಜಿ ಹೇಳಿದ ಕಥೆಗೆ ಈ ಮಾತು ಹೇಗೆ ಸಲ್ಲುತ್ತದೆಯೋ ದೂರದರ್ಶನದ ಪೆಟ್ಟಿಗೆಯಲ್ಲಿ ಕುಣಿಯುವ ಚಿತ್ರಕಥೆಗೂ ಹಾಗೆಯೇ ಸಲ್ಲುತ್ತದೆ. ಆದ್ದರಿಂದ ಮಕ್ಕಳಿಗಾಗಿ ರಚಿತವಾದ ಕಾರ್ಟೂನ್ ಧಾರಾವಾಹಿಗಳನ್ನು ಕೇವಲ ಕಾಲಹರಣದ ಸಾಮಗ್ರಿಯೆಂದು ಬದಿಗಿಡುವುದು ಸರಿಯಲ್ಲ. ದೊಡ್ಡವರ ಕಾದಂಬರಿಗೆ ತೋರುವಷ್ಟೇ ಎಚ್ಚರವನ್ನು ಅವುಗಳ ವಿಷಯದಲ್ಲಿಯೂ ತೋರಬೇಕಾಗುತ್ತದೆ.

ಇಂಥ ಎಚ್ಚರದಿಂದ ನೋಡಬೇಕಾದ ಒಂದು ಧಾರಾವಾಹಿ 1996ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ದ ರಿಯಲ್ ಅಡ್ವೆಂಚರ್ಸ್ ಆಫ್ ಜಾನಿ ಕ್ವೆಸ್ಟ್’. ಕನ್ನಡಿಗರಿಗೆ ಅದರಲ್ಲಿ ವಿಶೇಷವಾದ ಆಸಕ್ತಿಯಿರಲು ಕಾರಣವಿದೆ. ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬನಾದ ಹಾಜಿ ಸಿಂಗ್ ಎಂಬ ಹದಿಹರೆಯದ ಹುಡುಗ ಭಾರತೀಯ, ಬುದ್ಧಿಶಾಲಿ, ಗಣಕಯಂತ್ರದ ಬಳಕೆಯಲ್ಲಿ ನುರಿತವನು, ಯೋಗಾಭ್ಯಾಸ ಬಲ್ಲವನು. ಇಷ್ಟೇ ಆಗಿದ್ದರೆ ಸಂತೋಷಪಟ್ಟು ಸುಮ್ಮನಿರಬಹುದಿತ್ತು. ಆದರೆ ಕಥೆಗಾರರು ಆ ಹುಡುಗನಿಗೆ ಮತ್ತೊಂದು ಹಿರಿಮೆಯನ್ನೂ ಕಟ್ಟಿದರು. ಅವರ ಕಥೆಯ ಪ್ರಕಾರ ಹಾಜಿಯು ಬೆಂಗಳೂರಿನ ಸುಲ್ತಾನನ ಮಗ, ಬೆಂಗಳೂರಿನ ಗದ್ದುಗೆಗೆ ವಾರಸುದಾರ! ಈ ಒಂದು ಕಲ್ಪನೆಯನ್ನು ಹಿಡಿದು ಪರಿಶೀಲಿಸಿದರೆ ಧಾರಾವಾಹಿಯ ಗುಣದೋಷಗಳೆರಡೂ ಬೆಳಕಿಗೆ ಬರುತ್ತವೆ. ಜೊತೆಗೆ, ಮಕ್ಕಳ ಬುದ್ಧಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬ ಮನೆಯೊಳಗಿನ ಪ್ರಶ್ನೆಯೂ ಏಳುತ್ತದೆ.

ಹಾಜಿಯ ಪಾತ್ರ 1996ರಲ್ಲಿ ಹುಟ್ಟಿದ್ದಲ್ಲ. ಹನ್ನಾ-ಬಾರ್ಬೆರಾ ಸಂಸ್ಥೆಯು ಡಗ್ ವೈಲ್ಡಿ ಎಂಬ ಚಿತ್ರಕಾರನ ಕಲ್ಪನೆಯನ್ನು ಆಧರಿಸಿ ‘ಜಾನಿ ಕ್ವೆಸ್ಟ್’ ಎಂಬ ಮೊದಲ ಧಾರಾವಾಹಿಯನ್ನು 1964ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. 26 ಕಂತುಗಳ ಆ ಧಾರಾವಾಹಿ ಮುಂದಿನ ವರ್ಷ ಮುಗಿಯಿತು. ಬೆಂಟನ್ ಕ್ವೆಸ್ಟ್ ಎಂಬ ವಿಜ್ಞಾನಿ, ಆತನ ಮಗ ಜಾನಿ, ಅವರ ಅಂಗರಕ್ಷಕನಾದ ರೇಸ್ ಬ್ಯಾನನ್ ಮತ್ತು ಒಂದು ನಾಯಿ, ಇವರೊಡನೆ ಲೋಕವನ್ನು ಸುತ್ತುವ ಅನಾಥ ಬಾಲಕನೇ ಹಾಜಿ. ಆಗ ಅವನ ಊರು ಕಲ್ಕತ್ತೆ. ವಿಜ್ಞಾನಿಯ ಪ್ರಾಣವನ್ನು ಉಳಿಸಿದ ಉಪಕಾರಕ್ಕಾಗಿ ಅವನು ಆ ಕುಟುಂಬಕ್ಕೆ ಸೇರಿ ದತ್ತುಮಗನಾಗುತ್ತಾನೆ. ತಲೆಗೆ ರತ್ನವಿಟ್ಟ ರುಮಾಲು, ಬಾಯಲ್ಲಿ ‘ಸಿಮ್ ಸಿಮ್ ಸಲಬಿಮ್’ ಎಂಬ ಮಂತ್ರ, ಕೈಯಲ್ಲಿ ಹಾವಾಡಿಸುವ ಮತ್ತು ಹಗ್ಗ ನಿಲ್ಲಿಸುವ ವಿದ್ಯೆ: ಇದು ಆ ಕಾಲದ ಹಾಜಿಯ ರೂಪ.

ಈ ರೂಪದಲ್ಲಿ ಭಾರತದ್ದು ಎನ್ನಬಹುದಾದುದು ಬಹಳ ಕಡಿಮೆ. ‘ಹಾಜಿ’ ಎಂಬುದು ಮಕ್ಕಾ ಯಾತ್ರೆ ಮುಗಿಸಿ ಬಂದ ಮುಸ್ಲಿಮರಿಗೆ ಸಲ್ಲುವ ಗೌರವದ ಹೆಸರು. ‘ಸಿಂಗ್’ ಎಂಬುದು ಸಿಖ್ಖರಲ್ಲಿಯೂ ಉತ್ತರದ ಹಲವು ಕುಲಗಳಲ್ಲಿಯೂ ಬಳಕೆಯಲ್ಲಿರುವ ಹೆಸರು. ಮಂತ್ರವೋ ಭಾರತದ ಯಾವ ಭಾಷೆಗೂ ಸೇರಿದ್ದಲ್ಲ. ಡೆನ್ಮಾರ್ಕಿನ ಮಕ್ಕಳ ಹಾಡೊಂದರ ಅರ್ಥವಿಲ್ಲದ ಪದಗಳನ್ನು ಆ ದೇಶದಲ್ಲಿ ಹುಟ್ಟಿದ ಡಾಂಟೆ ಎಂಬ ಇಂದ್ರಜಾಲಿಗನು ತನ್ನ ರಂಗಪ್ರದರ್ಶನಗಳಲ್ಲಿ ಬಳಸಿ ಜನಪ್ರಿಯಗೊಳಿಸಿದ್ದನು. ಅದನ್ನೇ ಸ್ವಲ್ಪ ಬದಲಿಸಿ ಕಲ್ಕತ್ತೆಯ ಹುಡುಗನ ನಾಲಗೆಗೆ ಕಟ್ಟಲಾಯಿತು. ಹೀಗೆ ಮೂರು ಕಡೆಯಿಂದ ತಂದ ಚೂರುಗಳನ್ನು ಒಂದು ರುಮಾಲಿನ ಕೆಳಗೆ ಸೇರಿಸಿ, ಇದು ಭಾರತ ಎಂದು ಅಮೆರಿಕದ ಮಕ್ಕಳಿಗೆ ತೋರಿಸಲಾಯಿತು. ಮಾಟ ಮತ್ತು ಕಣ್ಕಟ್ಟುಗಳೇ ಪೂರ್ವದೇಶದ ಜ್ಞಾನವೆಂಬ ಹಳೆಯ ಸರ್ಕಸ್ ಕಂಪನಿಗಳ ಭಾವನೆ ಅದರ ಹಿಂದಿತ್ತು.

ಮೂವತ್ತೆರಡು ವರ್ಷಗಳ ಅನಂತರ ಬಂದ ಹೊಸ ಧಾರಾವಾಹಿಯು ಈ ಪಾತ್ರವನ್ನು ತಿದ್ದಲು ಮನಸ್ಸಿಟ್ಟು ಪ್ರಯತ್ನಿಸಿತು ಎಂಬುದನ್ನು ಒಪ್ಪಬೇಕು. 1996ರ ಆಗಸ್ಟಿನಿಂದ 1997ರ ಏಪ್ರಿಲಿನವರೆಗೆ 52 ಕಂತುಗಳಲ್ಲಿ ಅದು ಪ್ರಸಾರವಾಯಿತು. ಪಾತ್ರಗಳು ಒಂದೆರಡು ವರ್ಷ ಬೆಳೆದು ಹದಿಹರೆಯಕ್ಕೆ ಬಂದಿದ್ದವು. ರೇಸ್ ಬ್ಯಾನನ್‌ನ ಮಗಳು ಜೆಸ್ಸಿ ಎಂಬ ಚುರುಕಾದ ಹುಡುಗಿ ಗುಂಪಿಗೆ ಸೇರಿದ್ದಳು. ಕಥೆಯ ನಡುವೆ ‘ಕ್ವೆಸ್ಟ್‌ವರ್ಲ್ಡ್’ ಎಂಬ ಗಣಕನಿರ್ಮಿತ ಮಾಯಾಲೋಕವಿತ್ತು. ಅದರೊಳಗೆ ಪಾತ್ರಗಳು ಪ್ರವೇಶಿಸಿದಾಗ ಚಿತ್ರದ ಶೈಲಿಯೇ ಬದಲಾಗಿ, ಕೈಬರಹದ ರೇಖೆಗಳ ಬದಲು ಗಣಕದಲ್ಲಿ ರಚಿಸಿದ ಮೂರು ಆಯಾಮದ ಆಕೃತಿಗಳು ಕಾಣುತ್ತಿದ್ದವು. ಮನೆಗಳಲ್ಲಿ ಗಣಕವು ಇನ್ನೂ ಅಪರೂಪವಾಗಿದ್ದ ಆ ವರ್ಷಗಳಲ್ಲಿ ಇದು ಸಾಹಸದ ಪ್ರಯೋಗವೇ ಸರಿ.

ಹಾಜಿಯು ಈ ಆವೃತ್ತಿಯಲ್ಲಿ ಮಾತು ಕಡಿಮೆಯಿರುವ, ದುಡುಕದ, ಯೋಚಿಸಿ ಹೆಜ್ಜೆಯಿಡುವ ಹುಡುಗ. ಜಾನಿ ಮುನ್ನುಗ್ಗುವಾಗ ಹಾಜಿ ತಡೆದು ನೋಡುತ್ತಾನೆ. ಯಂತ್ರದ ಮುಂದೆ ಕುಳಿತು ಸಮಸ್ಯೆಯನ್ನು ಬಿಡಿಸುವುದರಲ್ಲಿ ಅವನಿಗೆ ಸಂತೋಷವಿದೆ. ಬುದ್ಧಿಯನ್ನು ನಗೆಪಾಟಲು ಮಾಡುವ ಪರಿಪಾಠ ಮಕ್ಕಳ ಧಾರಾವಾಹಿಗಳಲ್ಲಿ ಸಾಮಾನ್ಯ. ಓದುವ ಹುಡುಗನೆಂದರೆ ದಪ್ಪ ಕನ್ನಡಕ ಹಾಕಿ ಎಡವಿ ಬೀಳುವವನು ಎಂದೇ ಚಿತ್ರಿಸಲಾಗುತ್ತದೆ. ಹಾಜಿಯ ವಿಷಯದಲ್ಲಿ ಹಾಗಾಗಲಿಲ್ಲ. ಬುದ್ಧಿವಂತಿಕೆ ಮತ್ತು ಸೌಜನ್ಯ ಒಂದೇ ವ್ಯಕ್ತಿಯಲ್ಲಿ ಇರಬಲ್ಲವೆಂಬುದನ್ನು ಪಾತ್ರವು ಸಹಜವಾಗಿ ತೋರಿಸುತ್ತದೆ. ಇನ್ನೊಂದು ಗುಣವೂ ಗಮನಾರ್ಹ. ಬಣ್ಣ, ದೇಶ, ನಂಬಿಕೆಗಳು ಬೇರೆಯಾದ ಇಬ್ಬರು ಹುಡುಗರು ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಂತೆ ಬೆಳೆಯುವುದನ್ನು 1964ರಷ್ಟು ಹಿಂದೆಯೇ ಅಮೆರಿಕದ ಮಕ್ಕಳ ಮುಂದಿಟ್ಟ ಕಥೆ ಇದು.

ನೀತಿಯ ದೃಷ್ಟಿಯಿಂದ ಧಾರಾವಾಹಿಯ ಅತ್ಯಂತ ಒಳ್ಳೆಯ ಕಲ್ಪನೆ ಇರುವುದು ಅದರ ಖಳನಲ್ಲಿ. ಜೆರೆಮಿಯಾ ಸರ್ಡ್ ಎಂಬ ಖಳನೂ ಗಣಕದಲ್ಲಿ ಪಾರಂಗತನೇ. ಕ್ವೆಸ್ಟ್‌ವರ್ಲ್ಡನ್ನು ಕಟ್ಟಿದವರ ವಿದ್ಯೆಯೂ ಅದರೊಳಗೆ ನುಗ್ಗಿ ಅನಾಹುತ ಮಾಡುವವನ ವಿದ್ಯೆಯೂ ಒಂದೇ ಬಗೆಯದು; ಬೇರೆಯಾಗಿರುವುದು ಅವರ ಉದ್ದೇಶ ಮಾತ್ರ. ಜ್ಞಾನವು ತಾನಾಗಿಯೇ ಯಾರನ್ನೂ ಸಜ್ಜನನನ್ನಾಗಿ ಮಾಡುವುದಿಲ್ಲ, ಅದು ಯಾರ ಕೈಯಲ್ಲಿ ಯಾವ ಸಂಕಲ್ಪದೊಡನೆ ಇದೆ ಎಂಬುದೇ ಮುಖ್ಯ ಎಂಬ ಮಾತನ್ನು ಹತ್ತು ವರ್ಷದ ಮಗುವಿಗೂ ತಿಳಿಯುವಂತೆ ಹೇಳುವ ಅವಕಾಶ ಇಲ್ಲಿತ್ತು. ಆದರೆ ಕಥೆಗಾರರು ಆ ಅವಕಾಶವನ್ನು ಅರ್ಧದಲ್ಲಿಯೇ ಕೈಬಿಟ್ಟರು. ಸರ್ಡ್ ದೇಹದ ಚಲನೆಯನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತವನು. ಅವನ ದ್ವೇಷಕ್ಕೆ ಆ ಸ್ಥಿತಿಯೇ ಕಾರಣವೆಂದು ಕಥೆ ಸೂಚಿಸುತ್ತದೆ. ಅಂಗವೈಕಲ್ಯವನ್ನು ದುಷ್ಟತನದ ಗುರುತಾಗಿ ಬಳಸುವುದು ಜನಪ್ರಿಯ ಕಥೆಗಳ ಹಳೆಯ ಕೆಟ್ಟ ಚಾಳಿ. ಸಂಕಲ್ಪದ ದೋಷವನ್ನು ದೇಹದ ಮೇಲೆ ಹೊರಿಸಿದ ಕ್ಷಣದಲ್ಲಿಯೇ ನೀತಿಯ ಪಾಠ ಕೆಡುತ್ತದೆ. ಮಗು ಕಲಿಯುವುದು ದುರುದ್ದೇಶವನ್ನು ಅಂಜಬೇಕೆಂಬುದನ್ನಲ್ಲ, ಗಾಲಿಕುರ್ಚಿಯನ್ನು ಅಂಜಬೇಕೆಂಬುದನ್ನು.

ಇದೇ ತಪ್ಪು ತಲೆಕೆಳಗಾಗಿ ಹಾಜಿಯ ವಿಷಯದಲ್ಲಿಯೂ ನಡೆದಿದೆ. ಖಳನ ಕೆಡುಕನ್ನು ದೇಹಕ್ಕೆ ಅಂಟಿಸಿದವರು ಸಜ್ಜನನ ಹಿರಿಮೆಯನ್ನು ಹುಟ್ಟಿಗೆ ಅಂಟಿಸಿದರು. ಬೆಂಗಳೂರಿನ ಗದ್ದುಗೆಯ ಕಲ್ಪನೆ ಬರುವುದು ಇಲ್ಲಿ.

ಮೊದಲು ಚರಿತ್ರೆಯನ್ನು ನೋಡಬಹುದು. ಬೆಂಗಳೂರಿನ ಕೋಟೆಯನ್ನು 1537ರಲ್ಲಿ ಕಟ್ಟಿಸಿದವನು ಯಲಹಂಕದ ನಾಡಪ್ರಭು ಕೆಂಪೇಗೌಡನೆಂಬುದು ಪ್ರಸಿದ್ಧ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ವಶಪಡಿಸಿಕೊಂಡಾಗ ಕೆಂಪೇಗೌಡನ ವಂಶದವರು ಮಾಗಡಿಗೆ ಬಂದು ನೆಲೆಸಿದರು. ಬೆಂಗಳೂರು ಶಹಾಜಿಗೆ ಜಹಗೀರಾಯಿತು. ಶತಮಾನದ ಕೊನೆಯ ಭಾಗದಲ್ಲಿ ಅದು ಮೊಗಲರ ಕೈಗೆ ಹೋಗಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. 1759ರಲ್ಲಿ ಹೈದರಾಲಿಗೆ ಜಹಗೀರಾಗಿ ದೊರೆಯಿತು. ಟಿಪ್ಪು ಸುಲ್ತಾನನ ಅರಮನೆಯೊಂದು ಬೆಂಗಳೂರಿನಲ್ಲಿದೆ, ನಿಜ. ಆದರೆ ಅವನ ರಾಜಧಾನಿ ಶ್ರೀರಂಗಪಟ್ಟಣ, ಅವನ ಆಳ್ವಿಕೆ ಕೊನೆಗೊಂಡದ್ದು 1799ರಲ್ಲಿ. ಬೆಂಗಳೂರಿನ ಸುಲ್ತಾನ ಎಂಬ ಪ್ರತ್ಯೇಕ ಪದವಿ ಎಂದೂ ಇರಲಿಲ್ಲ. ಇನ್ನು 1996ರಲ್ಲಿ ಅಲ್ಲೊಂದು ಗದ್ದುಗೆ ಖಾಲಿಯಿದ್ದು ವಾರಸುದಾರನಿಗಾಗಿ ಕಾಯುತ್ತಿತ್ತು ಎಂಬುದು ನಗುವಿನ ಮಾತು.

ನಗುವಿನ ಮಾತಿಗೆ ಇಷ್ಟು ವಿಚಾರವೇಕೆ, ಇದು ಮಕ್ಕಳ ಅದ್ಭುತಕಥೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಅದ್ಭುತಕಥೆಯಲ್ಲಿ ಇಲ್ಲದ ರಾಜ್ಯಗಳಿರುವುದು ದೋಷವಲ್ಲ. ಆದರೆ ಅಂಥ ರಾಜ್ಯಕ್ಕೆ ಇಲ್ಲದ ಹೆಸರನ್ನೇ ಇಡಬಹುದಿತ್ತು. ಇರುವ ಊರಿನ ಹೆಸರನ್ನು ಬಳಸಿದ ಮೇಲೆ ಆ ಊರಿನ ನಿಜಕ್ಕೆ ಸ್ವಲ್ಪವಾದರೂ ಋಣ ಸಲ್ಲಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಗಣಕ ಬಲ್ಲ ಭಾರತೀಯ ಹುಡುಗನ ಬುದ್ಧಿಗೆ ಹಿನ್ನೆಲೆಯೊಂದನ್ನು ಹುಡುಕಿದಾಗ ಕಥೆಗಾರರಿಗೆ ಹೊಳೆದದ್ದು ಸಿಂಹಾಸನವೇ ಏಕೆ? ಶಾಲೆ ಏಕೆ ಹೊಳೆಯಲಿಲ್ಲ? ಗುರು ಏಕೆ ಹೊಳೆಯಲಿಲ್ಲ? ಕಾರ್ಖಾನೆಯಲ್ಲಿ ದುಡಿದು ಮಗನನ್ನು ಓದಿಸಿದ ತಾಯಿತಂದೆ ಏಕೆ ಹೊಳೆಯಲಿಲ್ಲ? ಜಾನಿಗೆ ವಿಜ್ಞಾನಿಯಾದ ತಂದೆಯಿದ್ದಾನೆ. ಅವನ ಮನೆಯೇ ಪ್ರಯೋಗಶಾಲೆ. ಅಮೆರಿಕದ ಹುಡುಗನಿಗೆ ವಿದ್ಯೆಯ ಹಿನ್ನೆಲೆ, ಭಾರತದ ಹುಡುಗನಿಗೆ ವಂಶದ ಹಿನ್ನೆಲೆ. 1964ರ ಮಾಟದ ಜಾಗದಲ್ಲಿ 1996ರಲ್ಲಿ ಕುಲವು ಬಂದು ಕುಳಿತಿತು, ಅಷ್ಟೇ ವ್ಯತ್ಯಾಸ.

ಧಾರಾವಾಹಿ ಆರಂಭವಾದ ಆ 1996ರ ನಿಜವಾದ ಬೆಂಗಳೂರು ಹೇಗಿತ್ತು? 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ ಅಲ್ಲಿ ತಲೆಮಾರುಗಳನ್ನು ತಯಾರು ಮಾಡಿತ್ತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ, ಟೆಲಿಫೋನ್ ಕಾರ್ಖಾನೆ 1948ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಆರಂಭವಾಗಿ ಸಾವಿರಾರು ಸಾಮಾನ್ಯ ಕುಟುಂಬಗಳಿಗೆ ಯಂತ್ರವಿದ್ಯೆಯ ಪರಿಚಯ ಮಾಡಿಕೊಟ್ಟಿದ್ದವು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಊರಿನ ದಕ್ಷಿಣದ ಅಂಚಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿತ್ತು. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಕೇಂದ್ರ ತೆರೆದಿತ್ತು. ಗಣಕ ಬಲ್ಲ ಹದಿಹರೆಯದ ಹುಡುಗನೊಬ್ಬನಿಗೆ ಹುಟ್ಟೂರನ್ನು ಹುಡುಕುವ ಕಥೆಗಾರನಿಗೆ ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುತ್ತಿರಲಿಲ್ಲ. ಊರು ಸರಿಯಾಗಿಯೇ ಸಿಕ್ಕಿತು. ಆ ಊರಿನಲ್ಲಿ ನಿಜವಾಗಿ ಇದ್ದುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಬೆಂಗಳೂರಿನಲ್ಲಿ ಗದ್ದುಗೆಯ ಸ್ಥಾನದಲ್ಲಿ ಏನಿದೆ ಎಂಬುದನ್ನು ಅರಿಯಲು ಮೈಸೂರಿನ ಹೆದ್ದಾರಿ ಹಿಡಿದು ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೆಂಗಲ್ಲಿನತ್ತ ನೋಡಿದರೆ ಸಾಕು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ರಸ್ತೆಯ ಪಕ್ಕದಲ್ಲಿಯೇ ಇರುವ ಈ ಸ್ಥಳಕ್ಕೆ ಕೆಂಪು ಕಲ್ಲಿನ ಆಂಜನೇಯನಿಂದ ಹೆಸರು ಬಂದಿತು. ಆ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿದವರು ಕೆಂಗಲ್ ಹನುಮಂತಯ್ಯನವರು. 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ವಕೀಲಿ ಓದಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆ ಕಂಡು, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅಡಿಗಲ್ಲಿಟ್ಟಿದ್ದ ವಿಧಾನಸೌಧವನ್ನು ವಿಸ್ತರಿಸಿ, ಇಂದು ಕಾಣುವ ಭವ್ಯ ರೂಪದಲ್ಲಿ 1956ರ ಹೊತ್ತಿಗೆ ಕಟ್ಟಿಸಿದವರು ಅವರೇ.

ವಿಧಾನಸೌಧದ ವೆಚ್ಚದ ವಿಷಯದಲ್ಲಿ ಆ ಕಾಲದಲ್ಲಿಯೇ ಟೀಕೆಗಳು ಬಂದವು. ಪ್ರಜೆಗಳ ಸಭೆಗೆ ಅರಮನೆಯಂಥ ಕಟ್ಟಡ ಬೇಕೇ ಎಂದು ಕೇಳಿದವರಿದ್ದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಅಲ್ಲಿನ ಕಲ್ಲಿನ ಕಂಬಗಳ ಹಿಂದೆ ಇರುವುದು ಸಿಂಹಾಸನವಲ್ಲ, ಚುನಾವಣೆಯಲ್ಲಿ ಗೆದ್ದು ಬಂದವರು ಅವಧಿ ಮುಗಿದ ಮೇಲೆ ಬಿಟ್ಟು ಏಳಬೇಕಾದ ಪೀಠಗಳು. ಸರ್ಕಾರದ ಕೆಲಸ ದೇವರ ಕೆಲಸ ಎಂಬ ಬರಹ ಅದರ ಮುಂಭಾಗದಲ್ಲಿದೆ. ಆಳುವವನು ದೇವರೆಂಬ ಬರಹ ಎಲ್ಲಿಯೂ ಇಲ್ಲ. ಅದನ್ನು ಕಟ್ಟಿಸಿದವರೂ ಪೂರ್ಣಗೊಂಡ ವರ್ಷವೇ ಅಧಿಕಾರವನ್ನು ಬಿಟ್ಟು ಇಳಿಯಬೇಕಾಯಿತು. ಹಳ್ಳಿಯಲ್ಲಿ ಹುಟ್ಟಿದವನು ಓದಿ ಬೆಳೆದು ರಾಜ್ಯದ ಹೊಣೆ ಹೊರುವುದು, ಹೊತ್ತು ಇಳಿಸುವುದು ಈ ಸೀಮೆಯ ಜನಕ್ಕೆ ಕಥೆಯಲ್ಲ, ಕಣ್ಣಾರೆ ಕಂಡ ಸಂಗತಿ. ಧಾರಾವಾಹಿಯ ಮೊದಲ ಕಂತು ಪ್ರಸಾರವಾದ 1996ರ ಆಗಸ್ಟಿನಲ್ಲಿ ದೇಶದ ಪ್ರಧಾನಿಯಾಗಿದ್ದ ಎಚ್.ಡಿ. ದೇವೇಗೌಡರು 1994ರಲ್ಲಿ ವಿಧಾನಸಭೆಗೆ ಆಯ್ಕೆಯಾಗಿದ್ದುದು ಇದೇ ರಾಮನಗರ ಕ್ಷೇತ್ರದಿಂದ. ಹಾಸನ ಜಿಲ್ಲೆಯ ರೈತ ಮನೆತನದಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದವರು ಅವರು. ರಾಜಕೀಯವಾಗಿ ಅವರನ್ನು ಒಪ್ಪುವುದು ಬಿಡುವುದು ಬೇರೆಯ ವಿಷಯ. ಬೆಂಗಳೂರಿನಲ್ಲಿ ಅಧಿಕಾರವು ಹೇಗೆ ಬರುತ್ತದೆಂಬುದಕ್ಕೆ ಉದಾಹರಣೆಯಾಗಿ ಇಷ್ಟು ಸಾಕು.

ಸಿಂಹಾಸನದ ಕಥೆಗಳು ಈ ನಾಡಿಗೆ ಹೊಸವಲ್ಲ ಎಂಬ ಆಕ್ಷೇಪವೂ ಬರಬಹುದು. ಕನ್ನಡದ ಹಳೆಯ ಕಾವ್ಯಗಳು ರಾಜಕುಮಾರರಿಂದ ತುಂಬಿವೆ, ನಿಜ. ಆದರೆ ಅವುಗಳಲ್ಲಿ ಗದ್ದುಗೆಯ ಪಾತ್ರವೇನು ಎಂಬುದನ್ನು ನೋಡಬೇಕು. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಬರುವ ಬಾಹುಬಲಿಯು ಅಣ್ಣನಾದ ಭರತನೊಡನೆ ಹೋರಾಡಿ ಗೆದ್ದ ರಾಜಕುಮಾರ. ಗೆದ್ದ ಕ್ಷಣದಲ್ಲಿಯೇ ಅವನು ರಾಜ್ಯವನ್ನು ಬಿಟ್ಟು ನಡೆದನು. ಕ್ರಿ.ಶ. 981ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಡೆಯಿಸಿ ನಿಲ್ಲಿಸಿದ್ದು ಗದ್ದುಗೆಯೇರಿದವನ ವಿಗ್ರಹವನ್ನಲ್ಲ, ಗದ್ದುಗೆ ಬಿಟ್ಟವನ ವಿಗ್ರಹವನ್ನು. ಈ ಪರಂಪರೆಯ ಕಥೆಯಲ್ಲಿ ಸಿಂಹಾಸನವು ನಾಯಕನ ಪರೀಕ್ಷೆಗಾಗಿ ಬರುತ್ತದೆ. ಹಾಜಿಯ ಕಥೆಯಲ್ಲಿ ಅದು ಪಾತ್ರದ ಬೆಲೆಯನ್ನು ಏರಿಸುವ ಆಭರಣವಾಗಿ ಬರುತ್ತದೆ. ಅನಾಥ ಹುಡುಗನೊಬ್ಬ ತನ್ನ ಬುದ್ಧಿ, ತಾಳ್ಮೆಗಳಿಂದಲೇ ಗೌರವಕ್ಕೆ ಪಾತ್ರನಾಗಿದ್ದನು. ಅದು ಸಾಲದೆಂದು ಅವನಿಗೆ ರಾಜಮನೆತನವನ್ನು ಹುಡುಕಿಕೊಡಲಾಯಿತು. ಹಾಗೆ ಮಾಡಿದ್ದರಿಂದ ಪಾತ್ರ ಹಿಗ್ಗಲಿಲ್ಲ, ಕುಗ್ಗಿತು. ಅನಾಥನಾಗಿಯೇ ಉಳಿದಿದ್ದರೆ ಅವನನ್ನು ನೋಡುವ ಯಾವ ಬಡ ಮಗುವೂ ‘ನಾನೂ ಹೀಗಾಗಬಹುದು’ ಎಂದುಕೊಳ್ಳಬಹುದಿತ್ತು. ಸುಲ್ತಾನನ ಮಗನನ್ನು ನೋಡಿ ಹಾಗೆಂದುಕೊಳ್ಳುವುದು ಕಷ್ಟ.

ಇಷ್ಟು ಹೇಳಿ, ತಪ್ಪೆಲ್ಲ ಅಮೆರಿಕದ ಕಥೆಗಾರರದೆಂದು ಮುಗಿಸಿಬಿಡುವುದು ಸುಲಭ. ಆದರೆ ವಿಮರ್ಶೆಯ ಅಳತೆಗೋಲು ಪರರಿಗೊಂದು, ತಮಗೊಂದು ಆಗಬಾರದು. ಗಣಕ ಬಲ್ಲ ಹುಡುಗನಿಗೆ ಕಿರೀಟ ತೊಡಿಸುವ ಕೆಲಸ ಈ ನಾಡಿನ ಮನೆಗಳಲ್ಲಿಯೂ ನಡೆದಿದೆ. ಕಳೆದ ಮೂವತ್ತು ವರ್ಷಗಳಲ್ಲಿ ಗಣಕದ ಓದು ಒಂದು ವಿದ್ಯೆಯಾಗಿ ಉಳಿಯದೆ ಒಂದು ಅಂತಸ್ತಾಗಿ ಬೆಳೆಯಿತು. ಮನೆಯ ಇಬ್ಬರು ಮಕ್ಕಳಲ್ಲಿ ಸಾಫ್ಟ್‌ವೇರ್ ಓದಿದವನಿಗೆ ಒಂದು ಮಣೆ, ಅಂಗಡಿ ನೋಡಿಕೊಳ್ಳುವವನಿಗೆ ಇನ್ನೊಂದು ಮಣೆ ಹಾಕುವುದನ್ನು ಬಂಧುಬಳಗದವರೆಲ್ಲ ಬಲ್ಲರು. ವಧೂವರರ ವಿಚಾರಣೆಯಲ್ಲಿ ಗುಣಕ್ಕಿಂತ ಮೊದಲು ಕಂಪನಿಯ ಹೆಸರು ಬರುತ್ತದೆ. ಕುಲದ ಅಭಿಮಾನವೂ ಜ್ಞಾನದ ಅಭಿಮಾನವೂ ಮದಗಳೇ ಎಂದು ಹಿರಿಯರು ಎಣಿಸಿಟ್ಟದ್ದು ಪಾಠವಾಗಿ ಮಾತ್ರ ಉಳಿದು, ಎರಡು ಮದಗಳೂ ಒಂದಾಗಿ ಹೊಸ ಕುಲವೊಂದು ಹುಟ್ಟಿಕೊಂಡಿದೆ. ಹಾಜಿಗೆ ಸಿಂಹಾಸನವನ್ನು ಕಲ್ಪಿಸಿದವರಿಗೂ ಮಗನ ಹುದ್ದೆಯನ್ನೇ ಸಿಂಹಾಸನವೆಂದು ತಿಳಿದವರಿಗೂ ಹೆಚ್ಚಿನ ಅಂತರವಿಲ್ಲ.

ಕೆಂಗಲ್ಲಿನ ನೆರೆಯ ಚನ್ನಪಟ್ಟಣದಲ್ಲಿ ಈ ಮಾತಿಗೆ ಒಳ್ಳೆಯ ನಿದರ್ಶನವಿದೆ. ಅಲ್ಲಿನ ಕುಶಲಕರ್ಮಿ ಹಾಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯ ತುದಿಯಿಂದ ಕಣ್ಣಳತೆಯಲ್ಲಿಯೇ ಗುಂಡನೆಯ ಬೊಂಬೆಯನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ ಹೊಳಪು ತರುತ್ತಾನೆ. ವೇಗ, ಒತ್ತಡ, ಬಿಸಿ, ಅಳತೆ ಇವುಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಆ ಕೈಯಲ್ಲಿ ಇರುವುದೂ ಬುದ್ಧಿಯೇ. ಬೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೊಂಬೆ ಮಾಡುವವನ ಜ್ಞಾನಕ್ಕೆ ಗಣಕ ಬಲ್ಲವನ ಜ್ಞಾನಕ್ಕಿರುವ ಮರ್ಯಾದೆ ದೊರೆತಿಲ್ಲ. ಬುದ್ಧಿಯನ್ನು ಅದು ಮಾಡುವ ಕೆಲಸದಿಂದ ಅಳೆಯದೆ ಅದಕ್ಕೆ ಬರುವ ಸಂಬಳದಿಂದ ಅಳೆಯುವವರೆಗೆ ಈ ಅನ್ಯಾಯ ತಪ್ಪುವುದಿಲ್ಲ.

ಗಣಕಜ್ಞಾನವೇ ಕೆಟ್ಟದ್ದು ಎಂಬ ಅರ್ಥ ಇದಕ್ಕಿಲ್ಲ. ಆ ಜ್ಞಾನವು ಲೋಕೋಪಕಾರವಾಗಿ ಪರಿಣಮಿಸಿದ್ದಕ್ಕೆ ಕನ್ನಡದಲ್ಲಿಯೇ ಉದಾಹರಣೆಯಿದೆ. ಗಣಕದಲ್ಲಿ ಕನ್ನಡ ಬರೆಯುವುದು ತೊಡಕಾಗಿದ್ದ ಕಾಲದಲ್ಲಿ ಕೆ.ಪಿ. ರಾವ್ ಅವರು ಕನ್ನಡ ವರ್ಣಮಾಲೆಯ ತರ್ಕವನ್ನೇ ಅನುಸರಿಸುವ ಸರಳವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಗೆ ಅದೇ ಆಧಾರವಾಯಿತು. ಪತ್ರಿಕೆಯ ಅಚ್ಚುಕೂಟದಿಂದ ಪಂಚಾಯಿತಿಯ ಕಚೇರಿಯವರೆಗೆ ಅದರ ಪ್ರಯೋಜನ ಹರಡಿದೆ. ಬಳಸುವವರಲ್ಲಿ ಬಹುಮಂದಿಗೆ ಅವರ ಹೆಸರು ತಿಳಿಯದು. ಯಾವ ಗದ್ದುಗೆಯ ಸಂಬಂಧವೂ ಇಲ್ಲದ ಇಂಥ ಕೆಲಸದಲ್ಲಿ ಮಕ್ಕಳಿಗೆ ಹೇಳಬಹುದಾದ ಕಥೆಯಿದೆ. ಒಬ್ಬನು ಯಂತ್ರವನ್ನು ಅರಿತನು, ತನ್ನ ಭಾಷೆಯನ್ನೂ ಅರಿತನು, ಎರಡನ್ನೂ ಜೋಡಿಸಿ ಎಲ್ಲರ ಕೈಗೆ ಕೊಟ್ಟನು. ಇದರಲ್ಲಿ ಸ್ಫೋಟಗಳಿಲ್ಲ, ಅಟ್ಟಿಸಿಕೊಂಡು ಓಡುವ ವಾಹನಗಳಿಲ್ಲ. ಸಾಹಸ ಮಾತ್ರ ಇದೆ.

ಧಾರಾವಾಹಿಯಲ್ಲಿ ಮತ್ತೊಂದು ಅಂಶವೂ ಇಂದಿನ ದಿನಗಳಲ್ಲಿ ಹೆಚ್ಚು ಯೋಚಿಸಬೇಕಾದುದು. ಗಣಕದ ಸಾಹಸಕಥೆಗಳಲ್ಲೆಲ್ಲ ಪರರ ಗಣಕಕ್ಕೆ ಅಪ್ಪಣೆಯಿಲ್ಲದೆ ಪ್ರವೇಶಿಸುವುದು, ಗುಪ್ತಪದವನ್ನು ಒಡೆಯುವುದು, ಮರೆಯಲ್ಲಿಟ್ಟ ಮಾಹಿತಿಯನ್ನು ತೆಗೆಯುವುದು ಚಾತುರ್ಯವೆಂದು ಮೆಚ್ಚುಗೆ ಪಡೆಯುತ್ತದೆ. ಮಾಡುವವನು ನಾಯಕನಾದರೆ ಸರಿ, ಖಳನಾದರೆ ತಪ್ಪು ಎಂಬುದೇ ಅಲ್ಲಿನ ನಿಯಮ. 1996ರ ಮಗುವಿಗೆ ಅದು ದೂರದ ಕಲ್ಪನೆಯಾಗಿತ್ತು. ಇಂದಿನ ಮಗುವಿನ ಅಂಗೈಯಲ್ಲಿ ಯಂತ್ರವಿದೆ. ಬ್ಯಾಂಕಿನ ಹಣವೂ ಮನೆಯ ಭಾವಚಿತ್ರಗಳೂ ಅದರೊಳಗಿವೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಕಳವು ಎಂಬ ಸರಳ ನೀತಿಯು ಬೀಗ ಹಾಕಿದ ಪೆಟ್ಟಿಗೆಗೆ ಅನ್ವಯಿಸುವಂತೆಯೇ ಗುಪ್ತಪದವಿರುವ ಗಣಕಕ್ಕೂ ಅನ್ವಯಿಸುತ್ತದೆ. ಭಾರತದಲ್ಲಿ 2000ರ ಮಾಹಿತಿ ತಂತ್ರಜ್ಞಾನ ಕಾಯಿದೆ ಇದನ್ನು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಕಾಯಿದೆಯ ಭಯಕ್ಕಿಂತ ಮೊದಲು ಮನೆಯ ಮಾತಿನಿಂದಲೇ ಮಗುವಿಗೆ ಇದು ತಿಳಿಯಬೇಕು. ಸರ್ಡ್‌ನ ನುಗ್ಗುವಿಕೆಯನ್ನು ಖಂಡಿಸುವ ಧಾರಾವಾಹಿ ನಾಯಕರ ಕೈಗೂ ಒಂದು ಗೆರೆ ಎಳೆದು ತೋರಿಸಿದ್ದರೆ ಅದರ ನೀತಿ ಪೂರ್ಣವಾಗುತ್ತಿತ್ತು.

ಕೊನೆಯದಾಗಿ ಹೆಸರಿನ ಮಾತು. ಧಾರಾವಾಹಿಯ ಶೀರ್ಷಿಕೆಯಲ್ಲಿರುವುದು ಜಾನಿಯ ಹೆಸರು. ಯೋಚಿಸುವವನು ಹಾಜಿ, ಹೆಸರು ಪಡೆಯುವವನು ಮುನ್ನುಗ್ಗುವವನು. ದುಡುಕನ್ನೇ ಧೈರ್ಯವೆಂದೂ ತಡೆದು ನೋಡುವುದನ್ನು ಸಹಾಯಕನ ಗುಣವೆಂದೂ ಎಣಿಸುವ ಈ ಕ್ರಮ ಸಾಹಸಕಥೆಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ನೋಡುವವರಿಗೆ ಅದು ಕಾಣುವುದೇ ಇಲ್ಲ. ಕೈ ಎತ್ತಬಲ್ಲವನಾಗಿಯೂ ಎತ್ತದೆ ನಿಲ್ಲುವುದಕ್ಕೆ ಬೇಕಾದ ಧೈರ್ಯವು ಎತ್ತುವುದಕ್ಕೆ ಬೇಕಾದುದಕ್ಕಿಂತ ದೊಡ್ಡದೆಂದು ಬಲ್ಲ ಮನೆಗಳಾದರೂ ಅದನ್ನು ಗುರುತಿಸಬೇಕು. ಆ ದೃಷ್ಟಿಯಿಂದ ನೋಡಿದರೆ ಕಥೆಯ ನಿಜವಾದ ನಾಯಕ ಎರಡನೆಯ ಸಾಲಿನಲ್ಲಿ ನಿಂತ ಹುಡುಗನೇ. ಅವನನ್ನು ಸೃಷ್ಟಿಸಿದವರಿಗೆ ಅದು ಅರೆಬರೆಯಾಗಿ ಗೊತ್ತಿತ್ತು. ಅದಕ್ಕಾಗಿಯೇ ಅವನಿಗೆ ಏನನ್ನಾದರೂ ಕೊಡಬೇಕೆನಿಸಿ, ಅವನಿಗೆ ಬೇಡದಿದ್ದ ಗದ್ದುಗೆಯನ್ನು ಕೊಟ್ಟರು.

ಇಂಥ ಧಾರಾವಾಹಿಗಳನ್ನು ಮಕ್ಕಳಿಂದ ಮುಚ್ಚಿಡುವುದು ಇಂದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಒಂದು ಹೊತ್ತಿಗೆ ಒಂದು ಧಾರಾವಾಹಿಯನ್ನು ಮನೆಮಂದಿಯೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ನೋಡುತ್ತಿದ್ದರು. ಇಂದು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನೋಡುತ್ತಾರೆ. ಒಟ್ಟಿಗೆ ನೋಡುವ ರೂಢಿ ಹೋದದ್ದು ನೋಡುವ ವಸ್ತುವಿಗಿಂತ ಹೆಚ್ಚಿನ ನಷ್ಟ. ತಂದೆತಾಯಿಯರು ವಾರಕ್ಕೊಮ್ಮೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ, ಈ ಹುಡುಗ ದೊಡ್ಡವನೆನಿಸಿದ್ದು ಏತರಿಂದ ಎಂದು ಕೇಳಬಹುದು. ವಿದ್ಯಾರ್ಥಿನಿಲಯಗಳನ್ನೂ ಪಾಠಶಾಲೆಗಳನ್ನೂ ನಡೆಸುವ ಟ್ರಸ್ಟುಗಳು ಗಣಕದ ಕೊಠಡಿಯನ್ನು ತೆರೆಯುವಾಗ ಯಂತ್ರಗಳ ಲೆಕ್ಕ ಹಾಕುವಷ್ಟೇ ಶ್ರದ್ಧೆಯಿಂದ, ಆ ಯಂತ್ರದಿಂದ ಯಾರಿಗೆ ಉಪಕಾರ, ಯಾರಿಗೆ ಅಪಕಾರ ಎಂದು ವಿದ್ಯಾರ್ಥಿಗಳೊಡನೆ ಚರ್ಚಿಸುವ ಒಂದು ಗಂಟೆಯನ್ನೂ ವೇಳಾಪಟ್ಟಿಯಲ್ಲಿ ಇಡಬಹುದು. ಹಾಜಿಯ ಉತ್ತಮ ಗುಣಗಳಿಗೆ ಸುಲ್ತಾನನ ವಂಶವೇ ಕಾರಣವೆಂದು ಮಗು ಹೇಳಿದರೆ, ರಜೆಯ ದಿನ ಅದನ್ನು ಕರೆದುಕೊಂಡು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಕೈಚಳಕವನ್ನು ತೋರಿಸಿ, ಕೆಂಗಲ್ಲಿನ ದಾರಿಯಾಗಿ ಬೆಂಗಳೂರಿಗೆ ಹೋಗಿ ವಿಧಾನಸೌಧದ ಮುಂದೆ ನಿಲ್ಲಿಸಿ, ಇದನ್ನು ಕಟ್ಟಿಸಿದವರು ಹಿಂದೆ ದಾಟಿ ಬಂದ ಆ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರೆಂದು ತಿಳಿಸುವುದು ಒಳ್ಳೆಯದು.